ಓದಲಾಗದ ಪರದೆ, ಪರರ ಕೈಗೆ ಫೋನ್: ವೆಬ್‌ಸೈಟ್, ಆ್ಯಪ್ ಮಾಡುವವರಿಗೆ ತಾಳವಾಡಿ ಬೆಟ್ಟದ ಪಾಠ

ತಾಳವಾಡಿ ಪೇಟೆಯಲ್ಲಿ ಒಬ್ಬ ಹಿರಿಯ ರೈತರು ನಿಂತಿದ್ದಾರೆ ಎಂದಿಟ್ಟುಕೊಳ್ಳಿ. ವಯಸ್ಸು ಅರವತ್ತರ ಹತ್ತಿರ. ಓದಿದ್ದು ಊರಿನ ಕನ್ನಡ ಶಾಲೆಯಲ್ಲಿ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಕನ್ನಡವೂ ಹೌದು ತಮಿಳೂ ಹೌದು. ಮಾತಾಡೋಕೆ ಎರಡೂ ಸಲೀಸು, ಆದರೆ ಓದೋಕೆ ಕನ್ನಡವೇ ಬೇಕು. ಕೈಯಲ್ಲಿ ಸ್ಮಾರ್ಟ್‌ಫೋನ್ ಇದೆ, ನೆಟ್ ಪ್ಯಾಕ್ ಇದೆ, ಬ್ಯಾಂಕ್ ಖಾತೆಯೂ ಇದೆ. ಕೋಸು ಮಾರಿದ ದುಡ್ಡು ಖಾತೆಗೆ ಬಂದಿದೆಯಾ ಅಂತ ನೋಡಬೇಕು, ಗೊಬ್ಬರದ ಅಂಗಡಿಯ ಬಾಕಿ ಕಟ್ಟಬೇಕು. ಆ್ಯಪ್ ತೆರೆದರೆ ಪರದೆ ತುಂಬಾ ಅವರಿಗೆ ಓದಲು ಬಾರದ ಅಕ್ಷರ. ಆಗ ಅವರು ಮಾಡೋದು ಒಂದೇ ಕೆಲಸ. ಪಕ್ಕದಲ್ಲಿ ನಿಂತ ಹುಡುಗನ ಕೈಗೆ ಫೋನ್ ಕೊಟ್ಟು, "ಸ್ವಲ್ಪ ನೋಡಪ್ಪ" ಅಂತಾರೆ. ಹುಡುಗ ಕೇಳ್ತಾನೆ, "ಪಿನ್ ಎಷ್ಟು ತಾತ?" ಅವರು ಹೇಳ್ತಾರೆ.

ಆ ಹುಡುಗ ಒಳ್ಳೆಯವನೇ ಇರಬಹುದು. ಹತ್ತರಲ್ಲಿ ಒಂಬತ್ತು ಮಂದಿ ಒಳ್ಳೆಯವರೇ. ಆದರೆ ಖಾತೆಯ ಬೀಗದ ಕೈ ಪರರಿಗೆ ಹೋಯಿತು ಅನ್ನೋದು ಮಾತ್ರ ನಿಜ. ಇಂಥ ಕಡೆ ದುಡ್ಡು ಹೋದರೆ ನಾವೆಲ್ಲ ಹೇಳೋದು "ಪಿನ್ ಯಾಕೆ ಕೊಟ್ರಿ?" ಅಂತ. ಯಾಕೆ ಕೊಡಬೇಕಾಗಿ ಬಂತು ಎಂದು ಕೇಳುವವರು ಕಡಿಮೆ. ಪರದೆಯನ್ನು ಓದಲು ಆಗಲಿಲ್ಲ, ಅದಕ್ಕೆ ಕೊಟ್ಟರು.

ವೆಬ್‌ಸೈಟ್ ಮತ್ತು ಆ್ಯಪ್‌ಗಳ ವಿನ್ಯಾಸ ಅಂದರೆ ಚಂದದ ಬಣ್ಣ, ಹೊಳೆಯುವ ಚಿತ್ರ ಎಂದುಕೊಂಡವರು ಬಹಳ. ನಿಜವಾಗಿ ಅದು ಬೇರೆಯೇ ವಿಷಯ. ಒಬ್ಬ ಮನುಷ್ಯ ತನ್ನ ಕೆಲಸವನ್ನು ತಾನೇ, ಯಾರ ಹಂಗೂ ಇಲ್ಲದೆ, ತಪ್ಪಿಲ್ಲದೆ ಮುಗಿಸುವಂತೆ ಪರದೆಯನ್ನು ಜೋಡಿಸುವುದೇ ವಿನ್ಯಾಸ. ಸಮುದಾಯದ ನೂರಾರು ಯುವಕ-ಯುವತಿಯರು ಇಂದು ಈ ಕೆಲಸ ಕಲಿಯುತ್ತಿದ್ದಾರೆ. ಬಟ್ಟೆ, ಮೀನು, ಅತ್ತರು, ಹಾರ್ಡ್‌ವೇರ್ ವ್ಯಾಪಾರ ಮಾಡುವವರೂ ತಮ್ಮ ಅಂಗಡಿಗೊಂದು ಸೈಟ್ ಮಾಡಿಸುತ್ತಿದ್ದಾರೆ. ಅವರೆಲ್ಲ ಒಮ್ಮೆ ತಾಳವಾಡಿ ಬೆಟ್ಟದ ಕಡೆ ನೋಡಿದರೆ, ಪುಸ್ತಕದಲ್ಲಿ ಸಿಗದ ಪಾಠ ಸಿಗುತ್ತದೆ.

ಪಿನ್‌ಕೋಡ್ ನೋಡಿ ಭಾಷೆ ತೀರ್ಮಾನಿಸಬೇಡಿ

ತಾಳವಾಡಿ ತಮಿಳುನಾಡಿನ ಈರೋಡ್ ಜಿಲ್ಲೆಯಲ್ಲಿದೆ. ಆದರೆ ಜನ ಕನ್ನಡಿಗರು. ಡಾ. ರಾಜ್‌ಕುಮಾರ್ ಅವರ ದೊಡ್ಡ ಗಾಜನೂರು ಇರುವುದು ಇಲ್ಲೇ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು, ತಾಳವಾಡಿ ಅಲ್ಲೇ ಉಳಿಯಿತು. 1979ರಲ್ಲಿ ಕೊಯಮತ್ತೂರಿನಿಂದ ಈರೋಡ್ ಬೇರೆ ಜಿಲ್ಲೆಯಾದಾಗ ಇದು ಅದರ ಪಾಲಾಯಿತು. ಚಾಮರಾಜನಗರ ಇಲ್ಲಿಂದ ಹತ್ತಿರ. ಜಿಲ್ಲಾ ಕೇಂದ್ರ ಈರೋಡ್‌ಗೆ ಹೋಗಬೇಕಾದರೆ ಹಾಸನೂರು ದಾಟಿ, 27 ತಿರುವುಗಳ ದಿಂಬಂ ಘಾಟ್ ಇಳಿದು, ಬಣ್ಣಾರಿ, ಸತ್ಯಮಂಗಲದ ಮೂಲಕ ನೂರು ಕಿಲೋಮೀಟರಿಗೂ ಹೆಚ್ಚು ಸಾಗಬೇಕು. ಸುತ್ತ ಇರುವುದು 2013ರಲ್ಲಿ ಹುಲಿ ಮೀಸಲು ಪ್ರದೇಶ ಎಂದು ಘೋಷಣೆಯಾದ ಸತ್ಯಮಂಗಲದ ಕಾಡು.

ಇಲ್ಲಿನ ರೈತರ ಜಮೀನಿನ ದಾಖಲೆ ತಮಿಳುನಾಡಿನ ಪಟ್ಟಾ-ಚಿಟ್ಟಾ ಜಾಲತಾಣದಲ್ಲಿದೆ. ಅದು ತಮಿಳು ಮತ್ತು ಇಂಗ್ಲಿಷ್‌ನಲ್ಲಿದೆ. 2018ರಲ್ಲಿ ಅಲ್ಲಿನ ಸರಕಾರ ರೈತರಿಗಾಗಿ ತಂದ ಉಳವನ್ ಆ್ಯಪ್ ಕೂಡ ಅದೇ ಎರಡು ಭಾಷೆಗಳಲ್ಲಿ ಬಂತು. ಗಡಿಯಾಚೆ ಚಾಮರಾಜನಗರದ ರೈತರಿಗೆ ಭೂಮಿ ಯೋಜನೆಯ ಪಹಣಿ ಕನ್ನಡದಲ್ಲೇ ಸಿಗುತ್ತದೆ. ಎರಡೂ ಹೊಲದಲ್ಲಿ ಬೆಳೆಯೋದು ಅದೇ ರಾಗಿ, ಅದೇ ಅರಿಸಿನ, ಅದೇ ಕೋಸು. ಆಡುವ ಮಾತೂ ಒಂದೇ. ಬೇರೆಯಾದದ್ದು ಗಡಿರೇಖೆ ಮಾತ್ರ.

ಒಂದು ರಾಜ್ಯ ಸರಕಾರ ತನ್ನ ರಾಜ್ಯಭಾಷೆಯಲ್ಲಿ ಸೈಟ್ ಮಾಡಿದ್ದು ತಪ್ಪಲ್ಲ. ಆದರೆ ಖಾಸಗಿ ಆ್ಯಪ್‌ಗಳೂ ಇದೇ ದಾರಿ ಹಿಡಿಯುವಾಗ ಯೋಚಿಸಬೇಕು. ಬಳಕೆದಾರರ ಪಿನ್‌ಕೋಡ್ ಅಥವಾ ಲೊಕೇಶನ್ ನೋಡಿ ಭಾಷೆ ತೋರಿಸುವ ಪದ್ಧತಿ ಇದೆ. ಪಿನ್‌ಕೋಡ್‌ನ ಮೊದಲ ಅಂಕೆ 6 ಆಗಿದ್ದರೆ ಅದು ತಮಿಳುನಾಡು ಅಥವಾ ಕೇರಳದ ಕಡೆಯದು. ಆದ್ದರಿಂದ ತಮಿಳೋ ಮಲಯಾಳವೋ ತೋರಿಸಿದರೆ ಆಯಿತು ಎಂಬ ಲೆಕ್ಕ. ತಾಳವಾಡಿಯ ಪಿನ್‌ಕೋಡ್ ಶುರುವಾಗುವುದು 6ರಿಂದ. ಮಂಜೇಶ್ವರ, ಉಪ್ಪಳ, ಕುಂಬಳೆಯದ್ದೂ 6ರಿಂದಲೇ. ಕಾಸರಗೋಡು ಕಡೆಯ ಬ್ಯಾರಿ ಮನೆಗಳಲ್ಲಿ ಈ ತೊಂದರೆಯನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಮಾತು ಬ್ಯಾರಿ, ಓದು ಕನ್ನಡ, ವಿಳಾಸ ಕೇರಳ. ಆ್ಯಪ್ ಮಾತ್ರ ವಿಳಾಸ ನೋಡಿ ಭಾಷೆ ಕೊಡುತ್ತದೆ.

ಇದಕ್ಕೆ ಪರಿಹಾರ ಕಷ್ಟದ್ದೇನಲ್ಲ. ಕೇಳಿದರೆ ಆಯಿತು. ಮೊದಲ ಪರದೆಯಲ್ಲೇ ಭಾಷೆಗಳ ಪಟ್ಟಿ ಇರಲಿ. ಪ್ರತಿ ಭಾಷೆಯ ಹೆಸರು ಅದರದ್ದೇ ಲಿಪಿಯಲ್ಲಿರಲಿ. ಇಂಗ್ಲಿಷ್ ಓದಲು ಬಾರದವರಿಗೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಎಂದು ಬರೆದು ಏನು ಪ್ರಯೋಜನ? ಆಯ್ಕೆ ಮಾಡಿದ ಭಾಷೆಯನ್ನು ಆ್ಯಪ್ ನೆನಪಿಟ್ಟುಕೊಳ್ಳಲಿ. ಜೊತೆಗೆ, ಭಾಷೆ ಬದಲಿಸುವ ಗುಂಡಿ ಎಲ್ಲೋ ಸೆಟ್ಟಿಂಗ್ಸ್ ಒಳಗೆ ನಾಲ್ಕು ಪರದೆ ದಾಟಿ ಹೋಗುವ ಕಡೆ ಇರಬಾರದು, ಮೇಲ್ಗಡೆಯೇ ಕಾಣುವಂತಿರಬೇಕು. ಯಾಕೆಂದರೆ ತಾಳವಾಡಿಯ ಒಂದೇ ಮನೆಯಲ್ಲಿ ತಾತ ಓದುವುದು ಕನ್ನಡ. ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯ್ದೆಯ ನಂತರ ಶಾಲೆಗೆ ಸೇರಿದ ಮೊಮ್ಮಗ ತಮಿಳನ್ನೂ ಓದುತ್ತಾನೆ. ಫೋನ್ ಮಾತ್ರ ಇಬ್ಬರಿಗೂ ಒಂದೇ.

ಈ ವಿಷಯದಲ್ಲಿ ಈಗ ಕಾನೂನಿನ ಬಲವೂ ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ಪ್ರಕಾರ, ಜನರ ಮಾಹಿತಿ ಪಡೆಯಲು ಒಪ್ಪಿಗೆ ಕೇಳುವಾಗ ಅದನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯಲ್ಲಿರುವ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಕೊಡಬೇಕು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುತ್ತಿವೆ. ಇಲ್ಲಿ ವಿಳಾಸ ಯಾವ ರಾಜ್ಯದ್ದು ಎಂಬ ಪ್ರಶ್ನೆಯೇ ಇಲ್ಲ. ಈರೋಡ್ ಜಿಲ್ಲೆಯಲ್ಲಿ ಕುಳಿತವರೂ ಕನ್ನಡ ಕೇಳಬಹುದು. ಆ ಪಟ್ಟಿಯಲ್ಲಿ ಬ್ಯಾರಿ, ತುಳು ಇನ್ನೂ ಇಲ್ಲ ಎಂಬುದು ಬೇರೆ ಮಾತು.

ಅನುವಾದ ಮಾಡಿದರೆ ಸಾಕೇ?

ಕನ್ನಡ ಇದೆ ಅಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಯಂತ್ರದಿಂದ ಅನುವಾದಿಸಿ ಹಾಗೇ ಅಂಟಿಸಿದ ಕನ್ನಡ ಕೆಲವೊಮ್ಮೆ ಇಂಗ್ಲಿಷ್‌ಗಿಂತ ಕಷ್ಟ. ವ್ಯಾಪಾರದ ಸೈಟ್‌ನಲ್ಲಿ "ನಿಮ್ಮ ಆದೇಶ" ಅಂತ ಬರುತ್ತದೆ. ಆದೇಶ ಅಂದರೆ ನಮ್ಮ ಜನಕ್ಕೆ ಡಿಸಿ ಆಫೀಸಿನಿಂದಲೋ ಕೋರ್ಟಿನಿಂದಲೋ ಬರುವಂಥದ್ದು. ಅಂಗಡಿಯಲ್ಲಿ ಎಲ್ಲರೂ ಹೇಳೋದು ಆರ್ಡರ್. ಟಿಕೆಟ್ ಬುಕ್ ಮಾಡುವ ಕಡೆ "ಪುಸ್ತಕ" ಅಂತ ಬಂದರೆ ಯಾರಿಗೆ ಅರ್ಥವಾಗಬೇಕು? ಮೊದಲ ಪುಟಕ್ಕೆ ಹೋಗುವ ಗುಂಡಿಯ ಮೇಲೆ "ಮನೆ" ಎಂದು ಬರೆದರೆ ಬಾಡಿಗೆ ಮನೆ ತೋರಿಸುತ್ತಾರೇನೋ ಅಂದುಕೊಳ್ಳಬಹುದು.

ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ಆರ್ಡರ್ ರದ್ದು ಮಾಡಲು ಹೋದಾಗ ಪರದೆಯಲ್ಲಿ "ರದ್ದು ಮಾಡಬೇಕೇ?" ಎಂಬ ಪ್ರಶ್ನೆ ಬರುತ್ತದೆ. ಕೆಳಗೆ ಎರಡು ಗುಂಡಿ: "ರದ್ದು" ಮತ್ತು "ಸರಿ". ಈಗ ಯಾವುದು ಒತ್ತಬೇಕು? "ರದ್ದು" ಒತ್ತಿದರೆ ಆರ್ಡರ್ ರದ್ದಾಗುತ್ತದೋ, ರದ್ದು ಮಾಡುವ ಯೋಚನೆ ರದ್ದಾಗುತ್ತದೋ? ಓದಿದವರೂ ಇಲ್ಲಿ ಎಡವುತ್ತಾರೆ. ಗುಂಡಿಯ ಮೇಲೆ ಏನಾಗುತ್ತದೆ ಅನ್ನೋದನ್ನೇ ಬರೆದರೆ ಗೊಂದಲವಿಲ್ಲ: "ಹೌದು, ಆರ್ಡರ್ ಬೇಡ" ಮತ್ತು "ಆರ್ಡರ್ ಹಾಗೇ ಇರಲಿ".

ಅಂಗಡಿಯಲ್ಲಿ ಗಿರಾಕಿ ಹೇಗೆ ಮಾತಾಡುತ್ತಾರೋ ಅದೇ ಮಾತು ಪರದೆಯಲ್ಲಿರಬೇಕು. ಒಟಿಪಿ, ಪಿನ್, ಆರ್ಡರ್, ರೀಚಾರ್ಜ್ ಇವೆಲ್ಲ ಈಗ ಕನ್ನಡದ ಮಾತುಗಳೇ. ಅವುಗಳಿಗೆ ಹೊಸ ಪದ ಹುಡುಕಿ ಜನರನ್ನು ತಡಕಾಡಿಸುವುದು ಬೇಡ.

ಅಕ್ಷರದ ಕಾಲು ಕತ್ತರಿಸಬೇಡಿ

ಕನ್ನಡದ ಅಕ್ಷರಕ್ಕೆ ಮೇಲೆ ಗುಣಿತ, ಕೆಳಗೆ ಒತ್ತು ಇರುತ್ತದೆ. "ವ್ಯಾಪ್ತಿ", "ಸ್ತ್ರೀ", "ಲಕ್ಷ್ಮಿ" ಇಂಥ ಪದಗಳನ್ನು ಇಂಗ್ಲಿಷ್ ಅಳತೆಗೆ ಮಾಡಿದ ಗುಂಡಿಯೊಳಗೆ ತುರುಕಿದರೆ ಒತ್ತಕ್ಷರದ ಕೆಳಭಾಗ ಕತ್ತರಿಸಿಹೋಗುತ್ತದೆ. ಸಾಲುಗಳ ನಡುವೆ ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. ಕನ್ನಡದ ಪದಗಳೂ ಉದ್ದ. ಇಂಗ್ಲಿಷ್‌ನಲ್ಲಿ ನಾಲ್ಕಕ್ಷರದಲ್ಲಿ ಮುಗಿಯುವ ಮಾತಿಗೆ ನಮ್ಮಲ್ಲಿ ಗುಂಡಿಯ ಅಗಲ ಸಾಲದೆ ಕೊನೆಯಲ್ಲಿ ಮೂರು ಚುಕ್ಕಿ ಬರುತ್ತದೆ. ಆದ್ದರಿಂದ ಮೊದಲು ಕನ್ನಡಕ್ಕೆ ಗುಂಡಿ ಅಳೆದು, ಆಮೇಲೆ ಇಂಗ್ಲಿಷ್ ಹಾಕಿ ನೋಡುವುದು ಜಾಣತನ. ದೊಡ್ಡ ಅಂಗಿಯೊಳಗೆ ಸಣ್ಣವರು ತೂರಬಹುದು, ಸಣ್ಣ ಅಂಗಿಯೊಳಗೆ ದೊಡ್ಡವರು ತೂರಲಾರರು.

ಯೂನಿಕೋಡ್ ಬಳಸುವುದು ಇನ್ನೊಂದು ಮುಖ್ಯ ಸಂಗತಿ. ಹಳೇ ಕಾಲದ ಫಾಂಟ್‌ಗಳಲ್ಲಿ ಬರೆದದ್ದು ಆ ಫಾಂಟ್ ಇಲ್ಲದ ಕಡೆ ಚಿತ್ರವಿಚಿತ್ರ ಚಿಹ್ನೆಯಾಗಿ ಕಾಣುತ್ತಿತ್ತು. ಬರಹವನ್ನು ಚಿತ್ರ ಮಾಡಿ ಹಾಕಿದರೆ ಗೂಗಲ್‌ನಲ್ಲಿ ಹುಡುಕಿದಾಗ ಸಿಗುವುದಿಲ್ಲ, ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೂ ತಿಳಿಯುವುದಿಲ್ಲ. ಅಂಗಡಿಯ ದರಪಟ್ಟಿಯನ್ನು ಪೋಸ್ಟರ್ ಮಾಡಿ ಸೈಟಿಗೆ ಹಾಕುವವರು ಇದನ್ನು ಗಮನಿಸಬೇಕು.

ಒಳ್ಳೆಯ ವಿನ್ಯಾಸ ಅಂದರೆ ಏನು ಎಂಬುದಕ್ಕೆ ಕರಾವಳಿಯವರು ಅಮೆರಿಕದ ಕಡೆ ನೋಡಬೇಕಾಗಿಲ್ಲ. ಮಂಗಳೂರು ಸಮೀಪದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆ ಇದೆ. ನುಡಿ ತಂತ್ರಾಂಶದಲ್ಲಿ ಬಳಕೆಯಾದದ್ದು ಅದೇ ವಿನ್ಯಾಸ. ಟೈಪ್‌ರೈಟರಿನಲ್ಲಿ ಅಕ್ಷರದ ತುಂಡುಗಳನ್ನು ಜೋಡಿಸಬೇಕಿತ್ತು. ಇವರು ಜನ ಬಾಯಲ್ಲಿ ಹೇಗೆ ಉಚ್ಚರಿಸುತ್ತಾರೋ ಅದೇ ಕ್ರಮದಲ್ಲಿ ಒತ್ತುವಂತೆ ಮಾಡಿದರು. ಮೊದಲು ವ್ಯಂಜನ, ಆಮೇಲೆ ಸ್ವರ. ಗುಣಿತ ಎಲ್ಲಿ ಕೂರಬೇಕು, ಒತ್ತು ಎಲ್ಲಿ ಕೂರಬೇಕು ಎಂಬ ತಲೆಬಿಸಿ ಕಂಪ್ಯೂಟರಿಗೆ ಬಿಟ್ಟದ್ದು. ಕಷ್ಟವನ್ನು ಯಂತ್ರಕ್ಕೆ ದಾಟಿಸಿ ಮನುಷ್ಯನಿಗೆ ಹಗುರ ಮಾಡುವುದೇ ಇಡೀ ವಿನ್ಯಾಸ ವಿದ್ಯೆಯ ಸಾರ.

ಗಾತ್ರ ಮತ್ತು ಬಣ್ಣಕ್ಕೂ ಲೆಕ್ಕಗಳಿವೆ. ಆಂಡ್ರಾಯ್ಡ್ ಆ್ಯಪ್‌ಗಳಲ್ಲಿ ಒತ್ತುವ ಜಾಗ ಸುಮಾರು 9 ಮಿಲಿಮೀಟರ್ ಇರಬೇಕು ಎಂದು ಗೂಗಲ್‌ನ ಮಾರ್ಗಸೂಚಿ ಹೇಳುತ್ತದೆ. ಹೊಲದಲ್ಲಿ ದುಡಿದು ಗಟ್ಟಿಯಾದ ಬೆರಳಿಗೆ ಅದಕ್ಕಿಂತ ದೊಡ್ಡದಿದ್ದರೂ ನಷ್ಟವಿಲ್ಲ. ಅಕ್ಷರದ ಬಣ್ಣಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸ ಇರಬೇಕು ಎಂಬುದು ವೆಬ್‌ಸೈಟ್‌ಗಳ ಅಂತಾರಾಷ್ಟ್ರೀಯ ಮಾನದಂಡ. ಎಸಿ ಕೋಣೆಯಲ್ಲಿ ಚಂದ ಕಾಣುವ ತಿಳಿ ಬೂದು ಅಕ್ಷರ ಮಧ್ಯಾಹ್ನದ ಬಿಸಿಲಿನಲ್ಲಿ ಮಾಯವಾಗುತ್ತದೆ. ಬಂದರಿನ ದಕ್ಕೆಯಲ್ಲಿ ನಿಂತು ನೋಡಿದರೂ ಅಷ್ಟೇ, ತಾಳವಾಡಿ ಹೊಲದಲ್ಲಿ ನಿಂತು ನೋಡಿದರೂ ಅಷ್ಟೇ.

ಹೆಸರಿನ ಕಾಲಂನಲ್ಲಿ ಸಿಕ್ಕಿಬೀಳುವವರು

ಆನ್‌ಲೈನ್ ಅರ್ಜಿಯಲ್ಲಿ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಖಾನೆ. ಎರಡೂ ಕಡ್ಡಾಯ. ತಾಳವಾಡಿ ಕಡೆ ಬಹಳ ಮಂದಿಗೆ ಮನೆತನದ ಹೆಸರೇ ಇಲ್ಲ. ಒಂದು ಹೆಸರು, ಮುಂದೆ ತಂದೆಯ ಹೆಸರಿನ ಒಂದಕ್ಷರ. ಕೊನೆಯ ಹೆಸರಿನ ಕಡೆ ಆ ಒಂದಕ್ಷರ ಹಾಕಿದರೆ ಕನಿಷ್ಠ ಎರಡಕ್ಷರ ಬೇಕು ಎಂದು ಕೆಂಪು ಸಾಲು ಬರುತ್ತದೆ. ಸಿಕ್ಕಿದ್ದು ಏನೋ ತುಂಬಿಸುತ್ತಾರೆ. ಆಮೇಲೆ ಆಧಾರ್‌ನಲ್ಲೊಂದು, ಬ್ಯಾಂಕಿನಲ್ಲೊಂದು, ಪ್ಯಾನ್‌ನಲ್ಲೊಂದು ಹೆಸರು.

ಬ್ಯಾರಿ ಮನೆಗಳಿಗೆ ಇದು ಹೊಸ ಕಥೆಯಲ್ಲ. ಮುಹಮ್ಮದ್ ಎಂಬ ಒಂದೇ ಹೆಸರನ್ನು ಇಂಗ್ಲಿಷ್‌ನಲ್ಲಿ ಬರೆಯುವ ರೀತಿ ಎಷ್ಟು! ಒಂದಕ್ಷರ ಹೆಚ್ಚುಕಮ್ಮಿಯಾದರೆ ಅರ್ಜಿ ವಾಪಸ್. 2022ರ ನವೆಂಬರ್‌ನಲ್ಲಿ, ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರು ಇರುವವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶವಿಲ್ಲ ಎಂಬ ಯುಎಇ ನಿಯಮದ ಸೂಚನೆ ವಿಮಾನಯಾನ ಸಂಸ್ಥೆಗಳಿಂದ ಹೊರಬಿದ್ದಾಗ ಎಷ್ಟು ಮನೆಗಳಲ್ಲಿ ಪಾಸ್‌ಪೋರ್ಟ್ ತೆಗೆದು ನೋಡಿರಬಹುದು! ಒಂದು ಖಾಲಿ ಖಾನೆ ಮನುಷ್ಯನ ಪ್ರಯಾಣವನ್ನೇ ನಿಲ್ಲಿಸಬಲ್ಲದು.

ಹಾಗಾಗಿ ಅರ್ಜಿ ವಿನ್ಯಾಸ ಮಾಡುವವರು "ಪೂರ್ಣ ಹೆಸರು, ಆಧಾರ್‌ನಲ್ಲಿ ಇರುವಂತೆ" ಎಂಬ ಒಂದೇ ಖಾನೆ ಕೊಟ್ಟರೆ ಅರ್ಧ ತೊಂದರೆ ತಪ್ಪುತ್ತದೆ. ತಪ್ಪಾದಾಗ "ಅಮಾನ್ಯ ಇನ್‌ಪುಟ್" ಎಂದರೆ ಯಾರಿಗೂ ಪ್ರಯೋಜನವಿಲ್ಲ. "ಮೊಬೈಲ್ ನಂಬರಿನಲ್ಲಿ 10 ಅಂಕೆ ಬೇಕು, ನೀವು 9 ಹಾಕಿದ್ದೀರಿ" ಎಂದು ಹೇಳಬೇಕು, ಅದೂ ಆ ಖಾನೆಯ ಕೆಳಗೇ. ಒಂದು ತಪ್ಪಿಗೆ ಇಡೀ ಅರ್ಜಿ ಖಾಲಿಯಾಗಬಾರದು.

ಇನ್ನೊಂದು ಮಾತು ವ್ಯಾಪಾರಿಗಳಿಗೆ. ಅಂಗಡಿಗೆ ಬಂದು ಚಪ್ಪಲಿಯ ಬೆಲೆ ಕೇಳಿದವರಿಗೆ "ಮೊದಲು ಹೆಸರು, ನಂಬರ್, ಇಮೇಲ್, ಹುಟ್ಟಿದ ದಿನ ಬರೆಯಿರಿ" ಎಂದರೆ ಏನು ಮಾಡುತ್ತಾರೆ? ಪಕ್ಕದ ಅಂಗಡಿಗೆ ಹೋಗುತ್ತಾರೆ. ಸೈಟ್‌ನಲ್ಲೂ ಹಾಗೇ. ಬೆಲೆ ನೋಡಲು ಲಾಗಿನ್ ಕೇಳಬೇಡಿ. ಬೇಕಾದಷ್ಟು ಮಾತ್ರ ಕೇಳಿ.

ಸಿಗ್ನಲ್ ಇಲ್ಲದ ತಿರುವಿನಲ್ಲಿ

ದಿಂಬಂ ತಿರುವುಗಳಲ್ಲಿ, ಕಾಡಂಚಿನ ಸೋಲಿಗರ, ಊರಾಳಿಗಳ ಹಾಡಿಗಳ ಕಡೆ ಫೋನಿನ ಸಿಗ್ನಲ್ ಬರುತ್ತದೆ, ಹೋಗುತ್ತದೆ. ನಮ್ಮ ಘಟ್ಟದ ದಾರಿಗಳಲ್ಲೂ ಅದೇ ಹಾಡು. ಬೆಂಗಳೂರಿನ ಆಫೀಸಿನಲ್ಲಿ ಕುಳಿತು ವೈಫೈನಲ್ಲಿ ಪರೀಕ್ಷೆ ಮಾಡಿದ ಆ್ಯಪ್ ಇಲ್ಲಿ ಉಸಿರುಗಟ್ಟುತ್ತದೆ. ಮೊದಲ ಪುಟದಲ್ಲೇ ದೊಡ್ಡ ವಿಡಿಯೊ, ಸರಿಯುವ ಚಿತ್ರಗಳು ಇದ್ದರೆ ಬೆಲೆ ಕಾಣುವ ಹೊತ್ತಿಗೆ ಗಿರಾಕಿಯ ತಾಳ್ಮೆ ಮುಗಿದಿರುತ್ತದೆ, ಡೇಟಾವೂ ಮುಗಿದಿರುತ್ತದೆ. ಅಕ್ಷರ ಮೊದಲು ಬರಲಿ, ಚಿತ್ರ ಆಮೇಲೆ ಬರಲಿ. ಚಿತ್ರಗಳ ಗಾತ್ರ ಇಳಿಸಿ ಹಾಕಿ. ತುಂಬಿಸಿದ ಅರ್ಜಿ ಸಿಗ್ನಲ್ ಹೋದರೂ ಫೋನಿನಲ್ಲೇ ಉಳಿಯುವಂತಿರಲಿ.

ದುಡ್ಡು ಕಳುಹಿಸುವಾಗ ಸಿಗ್ನಲ್ ಹೋದರೆ ಕಥೆ ಇನ್ನೂ ಗಂಭೀರ. ಪರದೆಯಲ್ಲಿ ಚಕ್ರ ಸುತ್ತುತ್ತಾ ಇರುತ್ತದೆ. ಹೋಯಿತೋ ಇಲ್ಲವೋ ಗೊತ್ತಾಗಲ್ಲ. ಗಾಬರಿಯಲ್ಲಿ ಇನ್ನೊಮ್ಮೆ ಕಳುಹಿಸುತ್ತಾರೆ. ಎರಡು ಸಲ ಹೋಗುತ್ತದೆ. ಈ ವಿಷಯದಲ್ಲಿ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲೇ ನಿಯಮ ಮಾಡಿದೆ. ಯುಪಿಐಯಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಕಳುಹಿಸಿದ ಹಣ ಖಾತೆಯಿಂದ ಕಡಿತವಾಗಿ ಆಚೆ ಸೇರದಿದ್ದರೆ ಮಾರನೇ ದಿನದೊಳಗೆ ವಾಪಸ್ ಬರಬೇಕು. ಅಂಗಡಿಗೆ ಕಟ್ಟಿದ್ದಾದರೆ ಐದು ದಿನದೊಳಗೆ. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇಷ್ಟನ್ನು ಆ ಸುತ್ತುವ ಚಕ್ರದ ಕೆಳಗೆ ಎರಡು ಸಾಲಿನಲ್ಲಿ ಬರೆದರೆ ಎಷ್ಟು ಜನರ ನಿದ್ದೆ ಉಳಿಯುತ್ತದೆ! "ಮತ್ತೆ ಕಳುಹಿಸಬೇಡಿ. ಹಣ ತಲುಪದಿದ್ದರೆ ನಿಮ್ಮ ಖಾತೆಗೆ ವಾಪಸ್ ಬರುತ್ತದೆ." ಅಷ್ಟೇ ಸಾಕು.

ನೆಟ್ ಇಲ್ಲದವರಿಗೂ ದಾರಿಗಳಿವೆ. ಸಾದಾ ಫೋನಿನವರಿಗಾಗಿ 2022ರ ಮಾರ್ಚ್‌ನಲ್ಲಿ ಯುಪಿಐ 123ಪೇ ಬಂತು. ಕರೆ ಮಾಡಿ, ಧ್ವನಿ ಕೇಳಿ, ಅಂಕೆ ಒತ್ತಿ ಹಣ ಕಳುಹಿಸಬಹುದು. ಪರದೆಯೇ ಇಲ್ಲದ ಇಂಥ ವ್ಯವಸ್ಥೆಯೂ ವಿನ್ಯಾಸವೇ. ಅಂಗಡಿಗಳಲ್ಲಿ ಹಣ ಬಂದಾಗ ಕೂಗಿ ಹೇಳುವ ಸೌಂಡ್‌ಬಾಕ್ಸ್ ನೋಡಿ. ಕೈ ತುಂಬ ಕೆಲಸವಿರುವ ವ್ಯಾಪಾರಿ ಫೋನ್ ತೆಗೆಯಬೇಕಾಗಿಲ್ಲ, ಗಿರಾಕಿ ತೋರಿಸುವ ಸ್ಕ್ರೀನ್‌ಶಾಟ್ ಅಸಲಿಯೋ ನಕಲಿಯೋ ಅಂತ ಪರೀಕ್ಷೆ ಮಾಡಬೇಕಾಗಿಲ್ಲ. ಒಂದು ಡಬ್ಬಿ, ಒಂದು ಮಾತು. ಇಷ್ಟು ಸರಳವಾದ್ದರಿಂದಲೇ ಅದು ಗೂಡಂಗಡಿಯವರೆಗೂ ಬಂತು.

ಮೋಸ ಮಾಡುವ ವಿನ್ಯಾಸ

ಕೆಟ್ಟ ವಿನ್ಯಾಸ ಎರಡು ಬಗೆ. ಒಂದು ಗೊತ್ತಿಲ್ಲದೆ ಆದದ್ದು. ಇನ್ನೊಂದು ಬೇಕೆಂದೇ ಮಾಡಿದ್ದು. ಬುಟ್ಟಿಗೆ ನೀವು ಹಾಕದ ವಸ್ತು ತಾನಾಗಿ ಸೇರಿಕೊಳ್ಳುತ್ತದೆ. "ಎರಡೇ ಉಳಿದಿದೆ, ಹತ್ತು ನಿಮಿಷದಲ್ಲಿ ಮುಗಿಯುತ್ತದೆ" ಎಂಬ ಸುಳ್ಳು ಅವಸರ. ಕೊನೆಯ ಪುಟದಲ್ಲಿ ಮಾತ್ರ ಕಾಣುವ ಹೆಚ್ಚುವರಿ ಶುಲ್ಕ. ಸೇರಲು ಒಂದು ಗುಂಡಿ, ಬಿಡಲು ಏಳು ಪರದೆ. ಇವನ್ನು ಡಾರ್ಕ್ ಪ್ಯಾಟರ್ನ್ ಅನ್ನುತ್ತಾರೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂಥ 13 ಬಗೆಗಳನ್ನು ಹೆಸರಿಸಿ ನಿಷೇಧಿಸಲಾಗಿದೆ. ತೂಕದಲ್ಲಿ ಮೋಸ ಮಾಡುವ ತಕ್ಕಡಿಗೂ ಇದಕ್ಕೂ ಏನು ವ್ಯತ್ಯಾಸ? ಕ್ಲೈಂಟ್ ಹೇಳಿದರು ಅಂತ ಇಂಥದ್ದನ್ನು ಮಾಡಿಕೊಡುವ ಯುವಕರು ತಾವು ಹಿಡಿದಿರುವುದು ತಕ್ಕಡಿ ಎಂಬುದನ್ನು ಮರೆಯಬಾರದು.

ಯುಪಿಐಯಲ್ಲಿ ದುಡ್ಡು ಪಡೆಯಲು ಪಿನ್ ಬೇಕಾಗಿಲ್ಲ, ಕಳುಹಿಸಲು ಮಾತ್ರ ಬೇಕು. ಆದರೂ "ನಿಮಗೆ ಹಣ ಬರುತ್ತಿದೆ, ಪಿನ್ ಒತ್ತಿ" ಎಂಬ ಮಾತಿಗೆ ಜನ ಮೋಸ ಹೋದರು. ಯಾಕೆಂದರೆ ಹಣ ಕೇಳುವ ಕೋರಿಕೆಯ ಪರದೆ ಹಣ ಬರುವ ಪರದೆಯಂತೆಯೇ ಕಾಣುತ್ತಿತ್ತು. ಎಷ್ಟು ಎಚ್ಚರಿಕೆ ಹೇಳಿದರೂ ನಿಲ್ಲಲಿಲ್ಲ. ಕಡೆಗೆ ಎನ್‌ಪಿಸಿಐ ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ ಆ ಸೌಲಭ್ಯವನ್ನೇ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿತು. ಪಾಠ ಸ್ಪಷ್ಟ. ಸಾವಿರಾರು ಜನ ಒಂದೇ ಕಡೆ ಎಡವಿದರೆ ತಪ್ಪು ಕಾಲಿನದ್ದಲ್ಲ, ಹೊಸ್ತಿಲಿನದ್ದು.

2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಕೂಡ ಇದೇ ಧಾಟಿಯಲ್ಲಿ ಮಾತಾಡಿತು. ಆ್ಯಸಿಡ್ ದಾಳಿಗೆ ಒಳಗಾದವರು ಮತ್ತು ದೃಷ್ಟಿಹೀನರು ಬ್ಯಾಂಕಿನ ಡಿಜಿಟಲ್ ಕೆವೈಸಿ ಮಾಡಿಸಲು ಆಗುತ್ತಿರಲಿಲ್ಲ. ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಿ ಎಂದರೆ, ಕಣ್ಣು ಕಳೆದುಕೊಂಡವರು ಏನು ಮಿಟುಕಿಸಬೇಕು? ಡಿಜಿಟಲ್ ಸೇವೆ ಎಲ್ಲರಿಗೂ ಸಿಗುವಂತಿರುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದ ನ್ಯಾಯಾಲಯ, 20 ನಿರ್ದೇಶನಗಳನ್ನು ಕೊಟ್ಟಿತು. ಪರದೆಯ ವಿನ್ಯಾಸ ಇನ್ನು ಮೇಲೆ ರುಚಿಯ ಪ್ರಶ್ನೆ ಮಾತ್ರ ಅಲ್ಲ, ಹಕ್ಕಿನ ಪ್ರಶ್ನೆ.

ಪರೀಕ್ಷೆಗೆ ಐದು ಮಂದಿ ಸಾಕು

ಇದನ್ನೆಲ್ಲ ಸರಿ ಮಾಡಲು ಲಕ್ಷಗಟ್ಟಲೆ ಖರ್ಚು ಬೇಕೇ? ಬೇಡ. ಡೆನ್ಮಾರ್ಕ್ ಮೂಲದ ವಿನ್ಯಾಸ ತಜ್ಞ ಜೇಕಬ್ ನೀಲ್ಸನ್ 2000ದಲ್ಲಿ ಒಂದು ಲೆಕ್ಕ ಕೊಟ್ಟರು. ಐದು ಮಂದಿ ಬಳಕೆದಾರರನ್ನು ಕೂರಿಸಿ ನೋಡಿದರೆ ಸುಮಾರು 85 ಶೇಕಡಾ ತೊಡಕುಗಳು ಕಾಣಿಸುತ್ತವೆ. ಸರಿಪಡಿಸಿ, ಇನ್ನೈದು ಮಂದಿಗೆ ತೋರಿಸಿದರೆ ಉಳಿದದ್ದೂ ಸಿಗುತ್ತದೆ. ಆದರೆ ಆ ಐವರೂ ಒಂದೇ ಕಾಲೇಜಿನ ಗೆಳೆಯರಾದರೆ ಉಪಯೋಗವಿಲ್ಲ.

ಸೈಟ್ ಮಾಡಿದ ಮೇಲೆ ಫೋನನ್ನು ಮನೆಯಲ್ಲಿ ಉಮ್ಮನ ಕೈಗೆ ಕೊಡಿ. "ಇದರಲ್ಲಿ ಒಂದು ಕಿಲೋ ಖರ್ಜೂರ ಆರ್ಡರ್ ಮಾಡಿ" ಎಂದಷ್ಟೇ ಹೇಳಿ. ಮತ್ತೆ ಬಾಯಿ ಮುಚ್ಚಿ ಕುಳಿತು ನೋಡಿ. "ಅಲ್ಲಿ ಅಲ್ಲ ಉಮ್ಮ, ಮೇಲೆ ಒತ್ತಿ" ಎಂದು ಹೇಳಬೇಕು ಅನ್ನಿಸಿದ ಪ್ರತಿ ಸಲವೂ ಚೀಟಿಯಲ್ಲಿ ಬರೆದುಕೊಳ್ಳಿ. ಆ ಚೀಟಿಯೇ ನಿಮ್ಮ ಮುಂದಿನ ವಾರದ ಕೆಲಸದ ಪಟ್ಟಿ. ಅವರು ಎಡವಿದರೆ ನಗಬೇಡಿ, "ಇಷ್ಟೂ ಗೊತ್ತಾಗಲ್ವಾ" ಅನ್ನಬೇಡಿ. ಹಾಗೆಂದರೆ ಅವರು ಮತ್ತೆಂದೂ ಆ ಫೋನ್ ಮುಟ್ಟುವುದಿಲ್ಲ, ನಿಮ್ಮ ಕೈಗೇ ಕೊಡುತ್ತಾರೆ. ನೀವು ಊರಲ್ಲಿ ಇಲ್ಲದ ದಿನ ಬೇರೆ ಯಾರ ಕೈಗೋ ಕೊಡುತ್ತಾರೆ.

ಉಮ್ಮ ಆದ ಮೇಲೆ ಬಸ್ ಕಂಡಕ್ಟರ್ ಕೆಲಸದಲ್ಲಿರುವ ನೆರೆಯವರು, ಶಾಲೆ ಬಿಟ್ಟ ಹುಡುಗ, ಕನ್ನಡಕವಿಲ್ಲದೆ ಓದಲಾಗದ ಹಿರಿಯರು, ಗಡಿನಾಡಿನ ಒಬ್ಬ ಬಂಧು. ಐದು ಮಂದಿ ಆಯಿತು. ಖರ್ಚು ಐದು ಚಹಾ.

ಸಣ್ಣ ಅಂಗಡಿಯ ಸೈಟಿಗೆ ಇಷ್ಟು ನೋಡಿಕೊಂಡರೆ ಬಹುಪಾಲು ಸಾಕು. ತೆರೆದ ತಕ್ಷಣ ಅಂಗಡಿ ಏನು ಮಾರುತ್ತದೆ, ಎಲ್ಲಿದೆ, ಎಷ್ಟು ಹೊತ್ತಿಗೆ ತೆರೆದಿರುತ್ತದೆ ಎಂಬುದು ಕಾಣಬೇಕು. ಬೆಲೆ ಎಲ್ಲ ಖರ್ಚು ಸೇರಿ ಮೊದಲೇ ಗೊತ್ತಾಗಬೇಕು. ಒಂದು ಪರದೆಯಲ್ಲಿ ಮುಖ್ಯವಾದ ಗುಂಡಿ ಒಂದೇ ಇರಬೇಕು. ಪ್ರತಿ ಪುಟದಲ್ಲಿ ಹಿಂದೆ ಹೋಗುವ ದಾರಿ ಇರಬೇಕು. ಫೋನ್ ನಂಬರ್ ಒತ್ತಿದರೆ ಕರೆ ಹೋಗಬೇಕು, ಆಚೆ ಮನುಷ್ಯರು ಎತ್ತಬೇಕು.

ಕಾಮರ್ಸ್ ಓದಿದ ಮಕ್ಕಳಿಗೂ ಇದರಲ್ಲಿ ಒಳ್ಳೆಯ ಕೆಲಸವಿದೆ. ಕೋಡ್ ಬರೆಯುವವರು ಬೇಕಷ್ಟು ಸಿಗುತ್ತಾರೆ. ಗಿರಾಕಿ ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಅನುಮಾನ ಪಡುತ್ತಾರೆ, ಎಲ್ಲಿ ವಾಪಸ್ ಹೋಗುತ್ತಾರೆ ಎಂದು ತಿಳಿದವರು ಕಡಿಮೆ. ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ ಬೆಳೆದ ಮಕ್ಕಳಿಗೆ ಅದು ಮೈಗೆ ಹತ್ತಿದ ವಿದ್ಯೆ. ಜೊತೆಗೆ ಬ್ಯಾರಿ, ಕನ್ನಡ, ತುಳು, ಮಲಯಾಳ, ಹಿಂದಿ ಎಂದು ನಾಲ್ಕೈದು ಭಾಷೆಗಳಲ್ಲಿ ಗಿರಾಕಿಯನ್ನು ಮಾತಾಡಿಸುವ ಅಭ್ಯಾಸವೂ ಉಂಟು. ಬಂದವರ ಭಾಷೆಯಲ್ಲಿ ಮಾತಾಡಿಸುವುದು ವ್ಯಾಪಾರದ ಮೊದಲ ನಿಯಮ ಎಂದು ಅವರಿಗೆ ಯಾರೂ ಪಾಠ ಮಾಡಬೇಕಾಗಿಲ್ಲ. ಆ ನಿಯಮವನ್ನು ಅಂಗಡಿಯಿಂದ ಪರದೆಗೆ ತಂದರೆ ಆಯಿತು.

ತಾಳವಾಡಿ ಪೇಟೆಯ ಆ ಹಿರಿಯ ರೈತರು ಒಂದು ದಿನ ಫೋನ್ ತೆಗೆದು, ಕನ್ನಡದಲ್ಲಿ ಓದಿ, ತಮ್ಮ ಬೆರಳಿನಿಂದಲೇ ಪಿನ್ ಒತ್ತಿ, ಗೊಬ್ಬರದ ಬಾಕಿ ಕಟ್ಟಿ, ಫೋನನ್ನು ಮತ್ತೆ ಜೇಬಿಗೆ ಹಾಕಿಕೊಂಡರೆ ಅದು ಒಳ್ಳೆಯ ವಿನ್ಯಾಸ. ಪಕ್ಕದಲ್ಲಿ ನಿಂತ ಹುಡುಗನಿಗೆ ಅವರು ಖಾತೆಯಲ್ಲಿ ಎಷ್ಟಿದೆ ಅಂತ ಹೇಳಬೇಕಾಗಿಯೇ ಇಲ್ಲ.